ಮೂರು ಗೆರೆಯ ಕೆಳಗೆ

"ಸಮಸ್ತ ತಂಡಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಕೋಡಿನ ಯಾವುದೇ ಸಾಲಿನಲ್ಲಿ ಎಂಬತ್ತಕ್ಕಿಂತ ಹೆಚ್ಚು ಅಕ್ಷರಗಳು ಇರತಕ್ಕದ್ದಲ್ಲ. ಎಂಬತ್ತೊಂದನೆಯ ಅಕ್ಷರಕ್ಕೆ ಕ್ಷಮೆಯಿಲ್ಲ."

ಹೆಬ್ಬಾಳದ ಫ್ಲೈಓವರ್ ಕಾಣುವ ಏಳನೇ ಮಹಡಿಯಲ್ಲಿ, ಬತ್ತಿಹೋದ ನದಿಯ ಹೆಸರಿಗೆ ತಕ್ಕಂತೆ ಹನಿ ನೀರೂ ಇಲ್ಲದ 'ಅರ್ಕಾವತಿ' ಎಂಬ ಮೀಟಿಂಗ್ ರೂಮಿನಲ್ಲಿ, ನಂದಕುಮಾರ್ ಇದನ್ನು ಎದ್ದು ನಿಂತು ಓದಿದ. ಸಮಸ್ತ ತಂಡ ಎಂದರೆ ಇಬ್ಬರು. ಒಬ್ಬ ಶ್ರೀಕಾಂತ್, ಆಕಳಿಕೆಯನ್ನು ತಲೆಯಾಡಿಸುವುದರೊಳಗೆ ಬಚ್ಚಿಡಬಲ್ಲವನು. ಇನ್ನೊಬ್ಬಳು ಶಿಲ್ಪ, ಎರಡು ವರ್ಷದ ಕಾಂಟ್ರ್ಯಾಕ್ಟಿನ ಮೇಲೆ ಬಂದವಳು, ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು.

ಅವರ ಕಂಪನಿ ಫೋನ್ ತಯಾರಿಸುವವರಿಗೆ ಕ್ಯಾಮೆರಾ ನಡೆಸುವ ತಂತ್ರಾಂಶ ಬರೆದುಕೊಡುತ್ತಿತ್ತು. ನಂದಕುಮಾರ್ ಮೊದಲು ಕೋಡ್ ಬರೀತಿದ್ದ, ಈಗ ಬರೀ ನೋಡುತ್ತಿದ್ದ. ಬೇರೆಯವರು ಬರೆದದ್ದನ್ನು ಓದಿ, ತಪ್ಪು ಹುಡುಕಿ, ತಿದ್ದಿಸಿ, ಕೊನೆಗೆ 'ಪರಿಶೀಲಿಸಿದವರು: ನಂದಕುಮಾರ್' ಎಂದು ಹೆಸರು ಹಾಕುವುದು ಅವನ ಕೆಲಸ. ಆ ಹೆಸರು ಬೀಳದೆ ಒಂದು ಅಲ್ಪವಿರಾಮವೂ ಆ ಮಹಡಿಯಿಂದ ಕೆಳಗಿಳಿಯುತ್ತಿರಲಿಲ್ಲ. ಇದಕ್ಕಾಗಿ ಅವನು ಇಪ್ಪತ್ತೆರಡು ನಿಯಮ ಮಾಡಿಟ್ಟಿದ್ದ. ಶ್ರೀಕಾಂತ್ ಅದನ್ನು ಬೆನ್ನ ಹಿಂದೆ 'ನಂದಸಂಹಿತೆ' ಎನ್ನುತ್ತಿದ್ದ.

ಸಂಹಿತೆಯಲ್ಲಿ ಅವನಿಗೆ ಅತ್ಯಂತ ಪ್ರಿಯವಾದದ್ದು ಹದಿನಾಲ್ಕನೆಯದು, ಮೂರು ಗೆರೆಯ ನಿಯಮ. ಕೋಡಿನ ಜೊತೆ ಕಳಿಸುವ ಮೇಲ್‌ನಲ್ಲಿ ಮೂರು ಅಡ್ಡಗೆರೆ ಹಾಕಿದರೆ, ಅದರ ಮೇಲೆ ಬರೆದದ್ದು ಯೋಜನೆಯ ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಕೆಳಗೆ ಬರೆದ ಮಾತನ್ನು ಯಂತ್ರ ಕತ್ತರಿಸಿ ಎಸೆಯುತ್ತದೆ. 'ಸಾರಿ, ತಡವಾಯಿತು', 'ಸರ್ ಹೇಳಿದ ಹಾಗೆ ತಿದ್ದಿದ್ದೇನೆ' ಇಂಥ ಕಾಡುಹರಟೆಗೆಲ್ಲ ಕೆಳಗಿನ ಜಾಗ. ಒಮ್ಮೆ ಶಿಲ್ಪ ಮುಖ್ಯವಾದ ವಿವರವನ್ನೇ ಗೆರೆಯ ಕೆಳಗೆ ಬರೆದಿದ್ದಳು. ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಪಾಠ ಮಾಡಿದ್ದ.

"ಕೆಳಗ್ ಬರ್ದಿದ್ದು ಕಸ ಕಣಮ್ಮ. ಮೇಲ್ ಬರ್ದಿದ್ದು ಶಾಸನ. ಎಲ್ಲಿ ಏನ್ ಬರೀತೀವಿ ಅನ್ನೋ ಪ್ರಜ್ಞೆ ಇರ್ಬೇಕು."

ಎಂಬತ್ತು ಅಕ್ಷರದ ಘೋಷಣೆಯಾದ ವಾರದಲ್ಲೇ ಶಿಲ್ಪ ಲೆನ್ಸ್ ಮೋಟಾರಿನ ಕೋಡ್ ಕಳಿಸಿದಳು. ಫೋನಿನ ಕ್ಯಾಮೆರಾದೊಳಗೆ ಮೆಣಸಿನಕಾಳಿನಷ್ಟು ದೊಡ್ಡ ಲೆನ್ಸ್, ಅದರ ಸುತ್ತ ಕೂದಲೆಳೆಯಂಥ ತಂತಿಯ ಸುರುಳಿ. ತಂತಿಗೆ ಕರೆಂಟ್ ಕೊಟ್ಟರೆ ಲೆನ್ಸ್ ಮೇಲೇಳುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಅದನ್ನು ಕೆಳಗೆ ಎಳೆಯುತ್ತದೆ. ಕೋಡಿನ ಲೆಕ್ಕದಲ್ಲಿ ಸೊನ್ನೆ ಎಂದರೆ ತಳ, ಸಾವಿರದ ಇಪ್ಪತ್ತಮೂರು ಎಂದರೆ ತುದಿ. ಫೋಟೋದಲ್ಲಿ ಮೂಗು ಸ್ಪಷ್ಟವಾಗಿ ಬೀಳಬೇಕೋ ಹಿಂದಿನ ಬೆಟ್ಟವೋ ಎಂಬುದೆಲ್ಲ ಈ ಏರಿಳಿತದ ಮೇಲೆ ನಿಂತಿದೆ.

"ಇದೇನಮ್ಮ, ಲೆನ್ಸ್ ಕೆಳಗಿಳಿಸೋಕೆ ಹನ್ನೊಂದು ಸಾಲು?" ಎಂದ ನಂದಕುಮಾರ್.

"ಕ್ಯಾಮೆರಾ ಆಫ್ ಮಾಡ್ದಾಗ ಒಂದೇ ಸಲ ಸೊನ್ನೆಗೆ ಬಿಟ್ರೆ ತಳಕ್ಕೆ ಹೊಡೆಯುತ್ತೆ ಸರ್. ಟಕ್ ಅಂತ ಶಬ್ದ ಬರುತ್ತೆ. ಅದಕ್ಕೇ ಮೆಟ್ಲು ಮೆಟ್ಲಾಗಿ ಇಳಿಸಿದೀನಿ."

"ಲೆನ್ಸ್ ಮಾಡೋರು ಕೊಟ್ಟ ಯಾವ ಡೇಟಾಶೀಟ್‌ನಲ್ಲಿದೆ ಇದು?"

"ಡೇಟಾಶೀಟ್‌ನಲ್ಲಿ ಇಲ್ಲ ಸರ್. ನಂಗೆ ಕೇಳಿಸ್ತು."

"ನಿನ್ ಕಿವೀನೂ ಸ್ಪೆಸಿಫಿಕೇಶನ್‌ಗೆ ಸೇರಿಸ್ಬೇಕಾ ಹಾಗಾದ್ರೆ?"

ಶ್ರೀಕಾಂತ್ ನಕ್ಕ. ಮೇಲಿನವರು ಜೋಕ್ ಮಾಡಿದಾಗ ನಗಬೇಕೆಂಬುದು ಸಂಹಿತೆಯಲ್ಲಿ ಬರೆಯದ ಇಪ್ಪತ್ತಮೂರನೆಯ ನಿಯಮ. ನಂದಕುಮಾರನ ಕಣ್ಣು ಆಗಲೇ ಆ ಹನ್ನೊಂದು ಸಾಲಿನ ಮೇಲೆ ಶಿಲ್ಪ ಬರೆದಿದ್ದ ಟಿಪ್ಪಣಿಯ ಸಾಲಿಗೆ ಅಂಟಿಕೊಂಡಿತ್ತು. ಅದು ಉದ್ದವಾಗಿತ್ತು. ಎಣಿಸಿದ. ಎಂಬತ್ತಮೂರು.

"ಎಲ್ಲಾ ತೆಗಿ. ಸೊನ್ನೆ ಬರಿ, ಒಂದೇ ಸಾಲು, ಮುಗೀತು. ಎಂಬತ್ತಮೂರರ ತಲೆನೋವೂ ಹೋಗುತ್ತೆ."

"ಸರ್, ಆದ್ರೆ..."

"ಶಿಲ್ಪ. ನಾನು ಇಪ್ಪತ್ತೊಂದ್ ವರ್ಷದಿಂದ ಇದೇ ಮಾಡ್ತಿದೀನಿ."

ಅವಳು ತೆಗೆದಳು. ಆರನೇ ತಿದ್ದುಪಡಿಗೆ 'ಪರಿಶೀಲಿಸಿದವರು: ನಂದಕುಮಾರ್' ಬಿತ್ತು. ಕೋಡ್ ಫೋನಿನೊಳಗೆ ಹೋಯಿತು, ಫೋನ್ ಅಂಗಡಿಗೆ ಹೋಯಿತು. ಸಂಕ್ರಾಂತಿಗೆ ಅವನು ಒಂದನ್ನು ಮಾವನಿಗೂ ಕೊಟ್ಟ. "ಇದರ ಕ್ಯಾಮೆರಾ ನಾವೇ ಮಾಡಿದ್ದು ಮಾವ" ಎಂದು ಹೇಳಿಯೂ ಕೊಟ್ಟ.

ಮಾವ ಬ್ಯಾಟರಾಯಪ್ಪನವರದು ಹುಣಸಮಾರನಹಳ್ಳಿ. ಚಿಕ್ಕಜಾಲದಲ್ಲಿ ಅವರ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ನಲವತ್ತು ವರ್ಷದ ಕಸುಬು. ಏರ್‌ಪೋರ್ಟ್ ರಸ್ತೆ ಅಂಗಡಿಯ ಮುಂದಿನ ಹುಣಸೆ ಮರವನ್ನು ತಿಂದಿತ್ತು, ಮೆಟ್ಟಿಲನ್ನೂ ತಿಂದಿತ್ತು, ಅಂಗಡಿಯನ್ನು ಮಾತ್ರ ಯಾಕೋ ಬಿಟ್ಟಿತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ನಂದಕುಮಾರ್ ರಜೆ ಹಾಕಿ, ಸಂಜಯನಗರದ ಮನೆಯಿಂದ ಹೆಂಡತಿಯನ್ನು ಕರೆದುಕೊಂಡು ಮಾವನ ಮನೆಗೆ ಬಂದ. ಮಟನ್ ಸಾರಿನ ಘಮ ಬೀದಿಯ ತುದಿಗೇ ಬಂದು ಎದುರುಗೊಂಡಿತು. ಮುದ್ದೆ ತಟ್ಟೆಗೆ ಬಿದ್ದ ಹೊತ್ತಿಗೆ ಬ್ಯಾಟರಾಯಪ್ಪ ಜೇಬಿನಿಂದ ಫೋನ್ ತೆಗೆದರು.

"ಅಳಿಯಂದ್ರೆ, ನೀವ್ ಕೊಟ್ ಫೋನು ಬಡ್ಕಳ್ತದೆ."

"ಬಡ್ಕೊಳ್ಳೋದು ಅಂದ್ರೆ ಮಾವ?"

"ಫೋಟ ತೆಗ್ದು ಮುಚ್ಚಿದ್ರೆ ಒಳಗೆ ಟಕ್ ಅಂತದೆ. ಕಿವಿ ಕೊಡಿ ಇಲ್ಲಿ."

ಅವನು ಎಡಗಿವಿ ಕೊಟ್ಟ. ಮಾವ ಮುದ್ದೆಯ ಫೋಟೋ ತೆಗೆದು ಮುಚ್ಚಿದರು. ಟಕ್. ಇರುವೆಯೊಂದು ಬಾಗಿಲು ಬಡಿದ ಹಾಗೆ.

"ಅದ್ರೊಳ್ಗೆ ಕಾಯ್ಲು ಐತಾ?"

"ಇದೆ ಮಾವ. ಸಣ್ಣದು."

"ಅಂಗಾದ್ರೆ ಯಾವನೋ ಒಂದೇಟ್ಗೆ ಕರೆಂಟು ಕಿತ್ತವ್ನೆ. ನಮ್ ಬೋರ್‌ವೆಲ್ಲೇ ನೋಡಿ. ವಾಲ್ವು ಮೆಲ್ಲುಕೆ ತಿರುಗಿಸ್ದೆ ಮೋಟ್ರು ಆಫ್ ಮಾಡಿದ್ರೆ, ಪೈಪ್ನಾಗಿರೋ ನೀರೆಲ್ಲ ವಾಪಸ್ ಬಂದು ಬಡೀತದೆ. ಆರ್ ತಿಂಗ್ಳು ಇಂಗೇ ಬಡ್ಸಿದ್ರೆ ವಾಲ್ವು ಓಯ್ತು. ಮೋಟ್ರು ಸಣ್ಣದಾದ್ರೇನು, ಬುದ್ಧಿ ಒಂದೇ ಅಲ್ವಾ? ಯಾರ್ ಬರ್ದಿದ್ದು ಇದನ್ನ?"

ಆ ಕ್ಷಣದಲ್ಲಿ ಹೇಳಬಹುದಾದ ಮಾತುಗಳು ಹಲವಿದ್ದವು. ನಂದಕುಮಾರನ ಬಾಯಿಂದ ಬಂದದ್ದು ಇದು:

"ನಮ್ ಟೀಮಲ್ಲಿ ಒಬ್ಳು ಹುಡುಗಿ ಇದಾಳೆ ಮಾವ. ಅವಳು ಬರ್ದಿದ್ದು."

"ಓ." ಬ್ಯಾಟರಾಯಪ್ಪ ಫೋನನ್ನು ಜೇಬಿಗಿಳಿಸಿದರು. "ಬರ್ದಿದ್ದ್ ನೋಡೋದೇ ನಿಮ್ ಕೆಲ್ಸ ಅಂದಿದ್ರಿ?"

"ಅಪ್ಪಾ, ಉಣ್ಣೋ ಹೊತ್ನಲ್ಲಾದ್ರೂ ಅವರನ್ನ ಬಿಡಪ್ಪ" ಎಂದಳು ಹೆಂಡತಿ ಧನಲಕ್ಷ್ಮಿ, ಸಾರು ಬಡಿಸುತ್ತ.

"ನಾನೇನಂದೆ? ನೋಡೋರ್ ಇದ್ರಲ್ಲ ಅಂದೆ."

ಹುಟ್ಟಿದಾಗಿನಿಂದ ನುಂಗಿಯೇ ಬಂದಿದ್ದ ಮುದ್ದೆಯನ್ನು ನಂದಕುಮಾರ್ ಅವತ್ತು ಅಗಿಯತೊಡಗಿದ. ಧನಲಕ್ಷ್ಮಿ ಅದನ್ನು ನೋಡಿದಳು, ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಮಂಗಳವಾರ ಬೆಳಿಗ್ಗೆ ಅರ್ಕಾವತಿಯಲ್ಲಿ ಮ್ಯಾನೇಜರ್ ರಘುನಾಥ್ ಕಾದಿದ್ದ. ಫೋನ್ ಕಂಪನಿಯವರಿಂದ ಪತ್ರ ಬಂದಿತ್ತು. ಕ್ಯಾಮೆರಾ ಮುಚ್ಚಿದಾಗ ಶಬ್ದ ಬರುತ್ತಿದೆ, ಕೆಲವು ಫೋನ್‌ಗಳಲ್ಲಿ ಲೆನ್ಸಿನ ಸ್ಪ್ರಿಂಗೇ ಸಡಿಲವಾಗಿದೆ. ರಘುನಾಥ್ ಗೋಡೆಯ ಪರದೆಯ ಮೇಲೆ ಕೋಡ್ ತೆರೆದ. ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಬರೆದವರ ಹೆಸರು ತೋರಿಸುವ ಸೌಲಭ್ಯ ಆ ಯಂತ್ರಕ್ಕಿದೆ.

"ಲೆನ್ಸ್ ಇಳಿಸೋ ಸಾಲು. ಶಿಲ್ಪ, ಶಿಲ್ಪ, ಶಿಲ್ಪ. ಸೊನ್ನೆ ಬರ್ದು ಕೈತೊಳ್ಕೊಂಡಿದೀಯಲ್ಲಮ್ಮ. ಮೆಲ್ಲಗ್ ಇಳಿಸ್ಬೇಕು ಅಂತ ತೋಚಲಿಲ್ವಾ?"

ಬರೆದ ಸಾಲಿಗೆ ಬರೆದವರ ಹೆಸರಿರುತ್ತದೆ. ಅಳಿಸಿದ ಸಾಲಿಗೆ ಯಾರ ಹೆಸರೂ ಇರುವುದಿಲ್ಲ. ಮೆಟ್ಟಿಲಿನಂಥ ಆ ಹನ್ನೊಂದು ಸಾಲು ಇತಿಹಾಸ ಸೇರುವ ಮೊದಲೇ ಉದುರಿದ್ದರಿಂದ, ಯಂತ್ರದ ಪ್ರಕಾರ ಅವು ಹುಟ್ಟಿಯೇ ಇರಲಿಲ್ಲ. ಇದ್ದದ್ದು ಏಳು ತಿಂಗಳ ಹಿಂದಿನ ಒಂದು ಮೇಲ್‌ನಲ್ಲಿ ಮಾತ್ರ. ಶಿಲ್ಪ ಅದನ್ನು ಅಲ್ಲೇ ತೆಗೆದು ತೋರಿಸಬಹುದಿತ್ತು. ಲ್ಯಾಪ್‌ಟಾಪ್ ಅವಳ ಮುಂದೆ ತೆರೆದೇ ಇತ್ತು. ಅವಳು ಪರದೆಯನ್ನು ನೋಡಿದಳು, ಆಮೇಲೆ ಮೇಜನ್ನು ನೋಡಿದಳು. ನಂದಕುಮಾರನ ಕಡೆ ಮಾತ್ರ ನೋಡಲಿಲ್ಲ. ಅವಳು ಪರ್ಮನೆಂಟ್ ಆಗಬೇಕಾದರೆ ಬೇಕಾದ ಎರಡು ಸಹಿಯಲ್ಲಿ ಒಂದು ಅವನದು.

"ಸರಿ ಸರ್" ಎಂದಳು.

"ಸಾರಿ ಅನ್ನೋ ಕಡೆ ಸರಿ ಅಂತೀಯ. ನಂದೂ, ನೀನೇನಂತೀಯ?"

"ನೋಡ್ಬೇಕು" ಎಂದ ನಂದಕುಮಾರ್. ನೋಡುವುದೇ ಅವನ ಕೆಲಸವಷ್ಟೆ.

ಹೊರಗೆ ಕಾರಿಡಾರಿನಲ್ಲಿ ರಘುನಾಥ್ ಅವನ ಹೆಗಲಿಗೆ ಕೈಹಾಕಿದ. "ಶುಕ್ರವಾರ ಸಂಜೆ ಪರ್ಮನೆಂಟ್ ಲಿಸ್ಟ್ ಹೋಗುತ್ತೆ ಗುರು. ಆ ಹುಡುಗಿ ಹೆಸರು ತೆಗೀತಿದೀನಿ. ಅವಳ ಕಾಂಟ್ರ್ಯಾಕ್ಟೂ ಈ ತಿಂಗ್ಳಿಗೆ ಮುಗೀತು. ನಿಂಗೇನೂ ಅಭ್ಯಂತರ ಇಲ್ವಲ್ಲ?"

ನಂದಕುಮಾರ್ "ಹೂಂ" ಎಂದ. ಅದು 'ಅಭ್ಯಂತರ ಇದೆ' ಎಂಬ ಹೂಂ ಎಂದು ಲಿಫ್ಟಿನವರೆಗೂ ತನಗೆ ತಾನೇ ಹೇಳಿಕೊಂಡ.

ಸೀಟಿಗೆ ಬಂದು ಆ ಹಳೆಯ ಮೇಲ್ ಹುಡುಕಿದ. ಸಿಕ್ಕಿತು. ಹನ್ನೊಂದು ಸಾಲು, ಅದರ ಮೇಲೆ ಎಂಬತ್ತಮೂರು ಅಕ್ಷರದ ಆ ಟಿಪ್ಪಣಿ. 'ಇದನ್ನು ದಯವಿಟ್ಟು ತೆಗೆಯಬೇಡಿ. ಲೆನ್ಸ್ ತಳಕ್ಕೆ ಬಡಿದರೆ ಕ್ರಮೇಣ ಸ್ಪ್ರಿಂಗ್ ಸಡಿಲವಾಗುತ್ತದೆ' ಎಂಬ ಅರ್ಥದ ಸಾಲು. ನಂದಕುಮಾರ್ ಅದನ್ನು ಮೊದಲ ಸಲ ಓದಿದ. ಅಂದು ಅವನು ಅದನ್ನು ಎಣಿಸಿದ್ದ ಅಷ್ಟೆ.

ಯಾರೂ ನೋಡುತ್ತಿರಲಿಲ್ಲ, ಆದರೂ ಪರದೆಯ ಬೆಳಕು ಕಡಿಮೆ ಮಾಡಿದ.

ಬುಧವಾರ ಅವನು ಒಂದು ಮಹಾ ಯೋಜನೆ ಹಾಕಿದ. ಬಾಯಲ್ಲಿ ಹೇಳುವುದು ಅವನಿಂದ ಆಗದು, ಅದು ಮೂರು ಸಲ ಸಾಬೀತಾಗಿತ್ತು. ಬರೆದೇ ಹೇಳುವುದು. ಆ ಹನ್ನೊಂದು ಸಾಲನ್ನು ತಾನೇ ಕೋಡಿಗೆ ವಾಪಸ್ ಸೇರಿಸುವುದು, ಅದರ ಜೊತೆಗಿನ ವಿವರದಲ್ಲಿ ಇದು ಶಿಲ್ಪಳದು, ಅವಳು ಬೇಡವೆಂದರೂ ತೆಗೆಸಿದವನು ನಾನು ಎಂದು ಘೋಷಿಸುವುದು. ಇತಿಹಾಸದಲ್ಲಿ ಸೇರಿದರೆ ಯಾರೂ ಅಳಿಸಲಾಗದು, ತಾನೂ ಅಳಿಸಲಾಗದು. ರಘುನಾಥ್ ಓದುತ್ತಾನೆ, ಫೋನ್ ಕಂಪನಿಯವರು ಓದುತ್ತಾರೆ, ಇನ್ನು ಹತ್ತು ವರ್ಷಕ್ಕೆ ಆ ಕೋಡ್ ತೆರೆಯುವ ಯಾವನೋ ಅಪರಿಚಿತನೂ ಓದುತ್ತಾನೆ. ಕಲ್ಲಿನ ಮೇಲೆ ಕೆತ್ತಿದ ಮಾಫಿ.

ಅರ್ಕಾವತಿಯ ಬಾಗಿಲು ಹಾಕಿಕೊಂಡು ಬರೆಯಲು ಕೂತ. ಮೊದಲು 'ಈ ಭಾಗವನ್ನು ತೆಗೆಯಲಾಗಿತ್ತು' ಎಂದು ಬಂತು, ತಾನೇ ಎದ್ದು ಹೋದ ಭಾಗದ ಹಾಗೆ. ಅಳಿಸಿದ. 'ಪರಿಶೀಲನೆಯ ಹಂತದಲ್ಲಿ ತೆಗೆಸಲಾಗಿತ್ತು' ಎಂದ. ಪರಿಶೀಲನೆ ಎಂಬ ಹೆಸರಿನ ಇನ್ಯಾರೋ ಬಂದು ತೆಗೆಸಿದಂತಿತ್ತು. ಮಧ್ಯಾಹ್ನದ ಊಟ ತಪ್ಪಿತು. ಮೂರು ಗಂಟೆಯ ಹೊತ್ತಿಗೆ 'ನಾನು ತೆಗೆಸಿದೆ' ಎಂಬಲ್ಲಿಗೆ ಬಂದು ಮುಟ್ಟಿದ. ಅಲ್ಲಿಂದಾಚೆಗೆ ಕಟ್ಟೆ ಒಡೆಯಿತು. ಅವಳ ಟಿಪ್ಪಣಿಯನ್ನು ನಾನು ಓದಲಿಲ್ಲ, ಅಕ್ಷರ ಎಣಿಸಿದೆ. ಮಂಗಳವಾರದ ಮೀಟಿಂಗಿನಲ್ಲಿ ನಾನು ಬಾಯಿ ಬಿಡಲಿಲ್ಲ. ಒಟ್ಟು ನಲವತ್ತೊಂದು ಸಾಲು. ಹೊಸತೊಡಕಿನ ಊಟದ ವಿಷಯವನ್ನೂ ಒಂದು ಸಾಲಿನಲ್ಲಿ ಸೇರಿಸಿ, ಅದು ಕಂಪನಿಗೆ ಸಂಬಂಧಿಸಿದ್ದಲ್ಲ ಎಂದು ತೆಗೆದ.

ಆಮೇಲೆ ಒಂದೊಂದು ಸಾಲನ್ನೂ ಎಣಿಸಿದ. ತಪ್ಪೊಪ್ಪಿಗೆಯಾದರೇನು, ಸಾಲು ಎಂಬತ್ತು ಮೀರಬಾರದು. ಯಾವುದೂ ಮೀರಿರಲಿಲ್ಲ. ಮೇಲೆ ತಾಂತ್ರಿಕ ವಿವರದ ಎರಡು ಸಾಲು, ಅದರ ಕೆಳಗೆ ತನ್ನ ಸಹಿ, ಅದರ ಕೆಳಗೆ ಈ ನಲವತ್ತೊಂದು. ಎರಡೂ ಒಂದಕ್ಕೊಂದು ಅಂಟಿಕೊಂಡು ಓದಲು ಕಸಿವಿಸಿಯಾಗುತ್ತಿತ್ತು. ನಡುವೆ ಅಂದವಾಗಿ ಗೆರೆ ಎಳೆದು ಬೇರ್ಪಡಿಸಿದ. ನಾಲ್ಕೂವರೆಗೆ ಕಳಿಸಿದ.

ಸಂಜೆ ಸಂಜಯನಗರದ ತಿರುವಿನಲ್ಲಿ ಕಾರು ನಿಲ್ಲಿಸಿ ಬಿಸಿ ಕಡಲೆಕಾಯಿ ಕೊಂಡ. ಮನೆಗೆ ಬಂದು ಪೊಟ್ಟಣವನ್ನು ಧನಲಕ್ಷ್ಮಿಯ ಕೈಗೆ ಕೊಟ್ಟು, "ನಿಮ್ಮಪ್ಪ ಹೇಳಿದ್ದು ನಿಜ ಕಣೇ" ಎಂದ. ಅವಳು ಯಾವ ಮಾತು ಎಂದು ಕೇಳಲಿಲ್ಲ. ಅವರು ಹೇಳಿದ್ದೆಲ್ಲ ನಿಜವೆಂದೇ ಅವಳ ನಂಬಿಕೆ.

ಗುರುವಾರ ಬೆಳಿಗ್ಗೆ ಅವನ ಇನ್‌ಬಾಕ್ಸಿನಲ್ಲಿ ಅಭಿನಂದನೆಗಳು ಬಂದು ಕೂತಿದ್ದವು. ಫೋನ್ ಕಂಪನಿಯವರು ಬರೆದಿದ್ದರು: ಸಮಸ್ಯೆಯನ್ನು ಒಂದೇ ದಿನದಲ್ಲಿ ಪತ್ತೆಹಚ್ಚಿದ ನಂದಕುಮಾರ್ ಅವರ ಸೂಕ್ಷ್ಮ ದೃಷ್ಟಿಗೆ ಧನ್ಯವಾದ. ರಘುನಾಥ್ ಅದನ್ನು ಇಡೀ ಮಹಡಿಗೆ ಕಳಿಸಿ ಹೆಬ್ಬೆರಳಿನ ಚಿತ್ರ ಹಾಕಿದ್ದ. ನಂದಕುಮಾರ್ ಇತಿಹಾಸ ತೆರೆದ. 'ಲೆನ್ಸನ್ನು ಹಂತಹಂತವಾಗಿ ಇಳಿಸುವುದು. ಇದರಿಂದ ಶಬ್ದ ನಿಲ್ಲುತ್ತದೆ. ಸಹಿ: ನಂದಕುಮಾರ್.' ಅಷ್ಟೆ. ಹನ್ನೊಂದು ಸಾಲಿನ ಪಕ್ಕದಲ್ಲಿ ಹನ್ನೊಂದು ಸಲ ಅವನ ಹೆಸರು.

ಕಳಿಸಿದ ಮೇಲ್ ತೆರೆದು ನೋಡಿದ. ಸಹಿಯ ಕೆಳಗೆ, ನಲವತ್ತೊಂದು ಸಾಲಿನ ನೆತ್ತಿಯ ಮೇಲೆ, ಅವನೇ ಎಳೆದ ಗೆರೆ. ಎಣಿಸಿದ. ಮೂರು.

ಇತಿಹಾಸವನ್ನು ತಿದ್ದುವ ಹಾಗಿರಲಿಲ್ಲ. ಕೋಡ್ ಆಗಲೇ ಫೋನ್ ಕಂಪನಿಗೆ ಹೋಗಿತ್ತು, ಒಮ್ಮೆ ಹೊರಗೆ ಹೋದದ್ದನ್ನು ಮುಟ್ಟಕೂಡದು ಎಂಬುದು ಅವನದೇ ಹತ್ತೊಂಬತ್ತನೆಯ ನಿಯಮ. ತಂಡಕ್ಕೆಲ್ಲ ಪ್ರತಿ ಹೋಗುತ್ತಿದ್ದರೂ ಮೇಲ್ ಓದುವವರು ಯಾರೂ ಇರಲಿಲ್ಲ. ಆ ವಿಳಾಸಕ್ಕೆ ಬರುವುದನ್ನೆಲ್ಲ ಯಂತ್ರವೇ ಎತ್ತಿಕೊಂಡು ಜೋಡಿಸುತ್ತದೆ. ರಘುನಾಥ್ ಓದದೆ ಬಿಟ್ಟ ಮೇಲ್‌ಗಳ ಸಂಖ್ಯೆ ಆರು ಸಾವಿರ ದಾಟಿತ್ತು, ಅವನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನಂದಕುಮಾರ್ ಅವನ ಕ್ಯಾಬಿನ್ನಿಗೆ ಮೂರು ಸಲ ಹೋದ. ಒಮ್ಮೆ ಪಾರ್ಕಿಂಗ್ ಸ್ಟಿಕ್ಕರ್ ಬಗ್ಗೆ ಕೇಳಿದ, ಒಮ್ಮೆ ಎಸಿ ಜಾಸ್ತಿಯಾಯಿತೆಂದ. ಮೂರನೇ ಸಲ ರಘುನಾಥನೇ, "ಏನ್ ಗುರು, ಇವತ್ತು ಹೀರೋ ಓಡಾಟ ಜೋರು" ಎಂದು ನಕ್ಕ. ಇವನೂ ನಕ್ಕು ಬಂದ.

ಕಾಫಿ ಯಂತ್ರದ ಹತ್ತಿರ ಶಿಲ್ಪ ನಿಂತಿದ್ದಳು. ಅವನು ಹಿಂತಿರುಗಲು ನೋಡಿದ. ಅವಳಾಗಲೇ ಅವನ ಕಪ್ಪನ್ನೂ ಯಂತ್ರದ ಕೆಳಗಿಟ್ಟಿದ್ದಳು.

"ಸರ್, ನಿಮ್ ಮೇಲ್ ಓದ್ದೆ."

"ಓದಿದ್ಯಾ?"

"ನಿಮ್ ಮೇಲ್ ಎಲ್ಲಾ ಓದ್ತೀನಿ ಸರ್. ಎರಡ್ ವರ್ಷದಿಂದ ಭಯಕ್ಕೆ ಅಭ್ಯಾಸ ಆಗೋಗಿದೆ." ಯಂತ್ರ ಗುರುಗುಟ್ಟಿ ಕಾಫಿ ಸುರಿಸಿತು. "ನಲವತ್ತೊಂದ್ ಸಾಲು. ಬಹುಶಃ ನಾನೊಬ್ಳೇ ಓದಿರೋದು."

"ಅದು ಮೇಲಿರ್ಬೇಕಿತ್ತು ಕಣಮ್ಮ. ಗೆರೆ... ನೋಡ್ಲಿಲ್ಲ."

ಅವಳು ಕಪ್ ಎತ್ತಿ ಅವನ ಕೈಗೆ ಕೊಟ್ಟಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಬೇಕು ಅಂತ ಹಾಕಿದ್ರಾ ಸರ್?"

ಇಲ್ಲ ಎನ್ನಲು ಬಾಯಿ ತೆರೆದ. ಹದಿನಾಲ್ಕನೇ ನಿಯಮ ಬರೆದವನು, ಬೇರೆಯವರ ಮೂರು ಗೆರೆಯನ್ನು ಮೈಲಿ ದೂರದಿಂದ ಹಿಡಿಯುವವನು, ತನ್ನ ಬೆರಳು ಒಂದು, ಎರಡು, ಮೂರು ಎಂದು ಒತ್ತಿ ಅಲ್ಲಿಗೇ ನಿಂತದ್ದನ್ನು ನೋಡಲಿಲ್ಲವೆ? ಎರಡಕ್ಕೆ ನಿಲ್ಲಬಹುದಿತ್ತು. ನಕ್ಷತ್ರ ಹಾಕಬಹುದಿತ್ತು. ನೆನಪಿಸಿಕೊಂಡಷ್ಟೂ ಅವನಿಗೇ ಗೊತ್ತಾಗಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ಅವನು ಉತ್ತರ ಹುಡುಕುತ್ತ ನಿಂತಿದ್ದ. ಅಷ್ಟರಲ್ಲಿ ಶಿಲ್ಪ ಹೋಗಿಯಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ರಘುನಾಥ್ ಎಲ್ಲರನ್ನೂ ಅರ್ಕಾವತಿಗೆ ಕರೆದ. ಅವನ ಒಂದು ಕೈಯಲ್ಲಿ ಹೊಸ ಕೋಡ್ ತುಂಬಿದ ಫೋನ್. ಮುಂದೆ ಮೇಜಿನ ಮೇಲೆ ಸಂಜೆ ಹೋಗಬೇಕಾದ, ಶಿಲ್ಪಳ ಹೆಸರಿಲ್ಲದ ಪರ್ಮನೆಂಟ್ ಲಿಸ್ಟ್, ಒಂದು ಹಾಳೆ, ಅದರ ಮೇಲೊಂದು ಪೆನ್ನು. ನಂದಕುಮಾರನ ಸಹಿಯ ಜಾಗ ಖಾಲಿಯಿತ್ತು. ಶ್ರೀಕಾಂತ್ ಎದುರಿಗೆ ಕೂತಿದ್ದ. ಶಿಲ್ಪ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದಳು, ನೋಟ್‌ಬುಕ್ ಮುಚ್ಚಿಟ್ಟುಕೊಂಡು.

"ಸಹಿ ಮಾಡೋಕ್ ಮುಂಚೆ ಒಂದ್ ನಿಮಿಷ" ಎಂದ ರಘುನಾಥ್. "ನಮ್ ನಂದೂ ಮಾಡಿರೋ ಮ್ಯಾಜಿಕ್ ಕೇಳಿ ಎಲ್ರೂ. ಇಲ್ಲ, ಆಮೇಲೆ ಹೇಳ್ತೀಯಂತೆ ನಂದೂ, ಮೊದಲು ಇದನ್ನ ಕೇಳಣ."

ನಂದಕುಮಾರ್ ಬಾಯಿ ತೆರೆದಿದ್ದ. ಮುಚ್ಚಿಕೊಂಡ.

ಶ್ರೀಕಾಂತ್ ಎದ್ದು ಫ್ಯಾನ್ ಆರಿಸಿದ. ರಘುನಾಥ್ ಕ್ಯಾಮೆರಾ ತೆರೆದು, ಫೋಟೋ ತೆಗೆದು, ಫೋನನ್ನು ಮೇಜಿನ ನಡುವೆ ಹಿಡಿದ. ನಾಲ್ಕೂ ತಲೆ ಅದರತ್ತ ಬಾಗಿದವು. ಕಿಟಕಿಯಾಚೆ ಫ್ಲೈಓವರಿನ ಮೇಲೆ ಬಸ್ಸುಗಳು ದನಿಯಿಲ್ಲದೆ ಹರಿಯುತ್ತಿದ್ದವು. ಅವನು ಕ್ಯಾಮೆರಾ ಮುಚ್ಚಿದ.

ಎಲ್ಲರೂ ಕಿವಿಗೊಟ್ಟರು. ಶಿಲ್ಪ ತಲೆಯೆತ್ತಿ, ಆ ವಾರದಲ್ಲಿ ಮೊದಲ ಸಲ, ಮೀಟಿಂಗ್ ರೂಮಿನಲ್ಲಿ ನಂದಕುಮಾರನ ಮುಖವನ್ನೇ ನೋಡಿದಳು.

"ಕೇಳಿಸ್ತಾ?" ಎಂದ ರಘುನಾಥ್, ಪಿಸುದನಿಯಲ್ಲಿ.

ಏನೂ ಕೇಳಿಸಲಿಲ್ಲ.